ಕಾಣುವ ಉರಿ, ಕಾಣದ ಉರಿ

ನಾಟಕ ನೋಡಿ ಮನೆಗೆ ಬಂದವರು ನಟರ ಮಾತನ್ನು ಹೊಗಳುತ್ತಾರೆ, ಹಾಡನ್ನು ಗುನುಗುತ್ತಾರೆ, ಪರದೆ ಚೆನ್ನಾಗಿತ್ತೆಂದೋ ಇರಲಿಲ್ಲವೆಂದೋ ಒಂದು ಮಾತು ಆಡುತ್ತಾರೆ. ಬೆಳಕಿನ ವಿಚಾರ ಬಂದರೆ ‘ಸೊಗಸಾಗಿತ್ತು’ ಎಂಬಲ್ಲಿಗೆ ಮುಗಿಯಿತು. ಆ ಬೆಳಕಿನ ಹಿಂದೆ ಒಬ್ಬ ಮನುಷ್ಯ ನಿಂತಿದ್ದ, ಅವನ ಎರಡು ಕೈಗಳ ಮುಂದೆ ಮೂರು ಗಂಟೆ ಕಾಲ ಕುಲುಮೆಯಂತೆ ಕಾದ ತಗಡಿನ ಪೆಟ್ಟಿಗೆಯೊಂದು ಇತ್ತು ಎಂಬುದು ಯಾರ ನೆನಪಿಗೂ ಬರುವುದಿಲ್ಲ. ಬರಬೇಕೆಂದೇನೂ ಇಲ್ಲವೆನ್ನಿ, ಊಟ ಮಾಡಿದವರೆಲ್ಲ ಒಲೆಯ ವಿಚಾರ ಮಾಡುತ್ತಾರೆಯೆ? ಆದರೂ ರಂಗಭೂಮಿಯ ಚರಿತ್ರೆಯನ್ನು ಬರೆದವರು ಕವಿಗಳ ವಿಷಯ, ನಟರ ವಿಷಯ ಬೇಕಾದಷ್ಟು ಬರೆದಿದ್ದಾರೆ. ದೀಪದವನ ಅಂಗೈಯ ಚರಿತ್ರೆಯನ್ನು ಬರೆದವರು ಕಡಿಮೆ.

ಬೆಂಗಳೂರಿನ ಹವ್ಯಾಸಿ ತಂಡಗಳ ಜೊತೆ ಹಲವು ವರ್ಷ ದೀಪಗಳ ಹಿಂದೆ ನಿಂತವನಾದ್ದರಿಂದ ನನಗೆ ಈ ಚರಿತ್ರೆಯಲ್ಲಿ ಸಹಜವಾಗಿಯೇ ಕುತೂಹಲ. ಓದುತ್ತ ಹೋದಂತೆ ಒಂದು ಸಂಗತಿ ಮೇಲಿಂದ ಮೇಲೆ ಕಂಡುಬಂತು. ಕಳೆದ ನಾಲ್ಕು ಶತಮಾನಗಳಲ್ಲಿ ರಂಗಸ್ಥಳದ ದೀಪ ಬದಲಾದಾಗಲೆಲ್ಲ ಉರಿ ಕಣ್ಣಿಗೆ ಸ್ವಲ್ಪ ಸ್ವಲ್ಪವಾಗಿ ಮರೆಯಾಗುತ್ತ ಬಂತು. ಬಿಸಿ ಮಾತ್ರ ಹೆಚ್ಚುತ್ತಲೇ ಬಂತು. ಉರಿ ಕಾಣುತ್ತಿದ್ದಾಗ ಕಣ್ಣೇ ಕೈಯನ್ನು ಕಾಯುತ್ತಿತ್ತು. ಉರಿ ಮರೆಯಾದ ಮೇಲೆ ಕೈಯನ್ನು ಕಾಯುವ ಕೆಲಸ ರೂಢಿಯ ಪಾಲಿಗೆ ಬಂತು. ಇಂದು ದೀಪದವರು ಪಾಲಿಸುವ ನಿಯಮಗಳು ಕೇಳುವುದಕ್ಕೆ ಚಿಲ್ಲರೆಯಾಗಿ ತೋರಬಹುದು. ಅವುಗಳ ಹಿಂದೆ ಮಾತ್ರ ಯಾರು ಯಾರೋ ಸುಟ್ಟುಕೊಂಡ ಮೈಯ ನೆನಪು ಉಂಟು.

ನಮ್ಮ ಬಯಲಾಟಗಳ ಮಾತನ್ನೇ ತೆಗೆದುಕೊಳ್ಳಿ. ಯಕ್ಷಗಾನ ರಾತ್ರಿಯಿಡೀ ನಡೆಯುತ್ತಿದ್ದುದು ದೊಂದಿಯ ಬೆಳಕಿನಲ್ಲಿ. ಎಣ್ಣೆ ಕುಡಿದ ಬಟ್ಟೆ ಧಗಧಗನೆ ಉರಿಯುತ್ತಿರುವಾಗ ಅದನ್ನು ಹೇಗೆ ಹಿಡಿಯಬೇಕೆಂದು ಯಾರಿಗೂ ಪಾಠ ಹೇಳಬೇಕಾಗಿರಲಿಲ್ಲ. ಬೆಂಕಿ ತಾನೇ ‘ದೂರವಿರು’ ಎಂದು ಹೇಳುತ್ತಿತ್ತು. ವೇಷಧಾರಿಯೂ ಅದರ ಅಳತೆಯರಿತೇ ಕುಣಿಯುತ್ತಿದ್ದ.

ಇಟಲಿಯಲ್ಲಿ ನಾಟಕ ಬಯಲನ್ನು ಬಿಟ್ಟು ಚಾವಣಿಯ ಕೆಳಗೆ ಹೊಕ್ಕಾಗ ದೀಪದ ಸಮಸ್ಯೆ ಬೇರೆಯಾಯಿತು. ೧೫೪೫ರಲ್ಲಿ ಸೆರ್ಲಿಯೋ ಎಂಬ ವಾಸ್ತುಶಿಲ್ಪಿ, ಬಣ್ಣದ ನೀರು ತುಂಬಿದ ಗಾಜಿನ ಪಾತ್ರೆಗಳ ಹಿಂದೆ ದೀಪವಿಟ್ಟು ಬಣ್ಣದ ಬೆಳಕು ಪಡೆಯುವ ಉಪಾಯವನ್ನು ಬರೆದಿಟ್ಟ. ೧೬೩೮ರಲ್ಲಿ ಸಬ್ಬತಿನಿ ಎಂಬಾತ ಇನ್ನೂ ಮುಂದೆ ಹೋಗಿ, ರಂಗವನ್ನು ಕತ್ತಲಾಗಿಸಬೇಕಾದರೆ ದೀಪಗಳ ಮೇಲೆ ತಗಡಿನ ಕೊಳವೆಗಳನ್ನು ಹಗ್ಗದಿಂದ ಇಳಿಬಿಡುವ ವಿಧಾನವನ್ನು ವಿವರಿಸಿದ. ಪಕ್ಕದಲ್ಲಿ ನಿಂತು ಹಗ್ಗ ಸಡಿಲಿಸಿದರೆ ದೀಪಗಳೆಲ್ಲ ಒಟ್ಟಿಗೆ ಮಂಕಾಗುತ್ತವೆ. ಆತನ ಉದ್ದೇಶ ರಂಗಚಮತ್ಕಾರವೇ ಇದ್ದಿರಬೇಕು. ಆದರೆ ದೀಪದವನ ಕಣ್ಣಿನಿಂದ ನೋಡಿದರೆ ಅದರಲ್ಲಿ ಇನ್ನೊಂದು ಉಪಕಾರವಿದೆ: ಕೈ ಉರಿಯ ಹತ್ತಿರ ಹೋಗಬೇಕಾಗಿಲ್ಲ. ಬಿಸಿಯಿಂದ ಕೈಯನ್ನು ದೂರವಿಟ್ಟೇ ಕೆಲಸ ಮಾಡುವುದು ಇಂದಿಗೂ ಈ ಕಸುಬಿನ ಮೊದಲನೆಯ ಪಾಠ.

ಮೇಣದ ಬತ್ತಿಗಳ ಕಾಲದಲ್ಲಿ ಬತ್ತಿ ಕತ್ತರಿಸುವುದಕ್ಕೆಂದೇ ಒಬ್ಬ ಆಳು ಇರುತ್ತಿದ್ದ. ನಾಯಕ ನಾಯಿಕೆಯರ ವಿರಹ ತುತ್ತತುದಿಗೇರಿರುವಾಗ ಈತ ಕತ್ತರಿ ಹಿಡಿದು ರಂಗದ ಮೇಲೆ ಬಂದು, ಹೊಗೆಯಾಡುವ ಬತ್ತಿಯನ್ನು ಸರಿಮಾಡಿ ಹೋಗುತ್ತಿದ್ದನಂತೆ. ೧೭೮೦ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಆರ್ಗಂಡ್ ಎಂಬಾತನ ಎಣ್ಣೆಯ ದೀಪ ಬಂತು. ಅದಕ್ಕೆ ಗಾಜಿನ ಚಿಮಣಿ. ಬೆಳಕು ಸ್ಥಿರವಾಯಿತು, ಹೊಗೆ ತಗ್ಗಿತು. ಆದರೆ ಇಲ್ಲಿಯೇ ಮೊದಲನೆಯ ಮೋಸವೂ ಹುಟ್ಟಿತು. ಉರಿಯೇನೋ ಗಾಜಿನೊಳಗೆ ಕಾಣುತ್ತದೆ. ಗಾಜು ಮಾತ್ರ ತಣ್ಣಗಿದ್ದಾಗ ಹೇಗೆ ಕಾಣುತ್ತದೆಯೋ ಕಾದಾಗಲೂ ಹಾಗೆಯೇ ಕಾಣುತ್ತದೆ. ಕಬ್ಬಿಣ ಬಹಳ ಕಾದರೆ ಕೆಂಪಾಗಿಯಾದರೂ ಎಚ್ಚರಿಸೀತು. ಗಾಜು ಏನನ್ನೂ ಹೇಳದು.

ಇನ್ನು ಗ್ಯಾಸಿನ ಯುಗ. ೧೮೧೬ರಲ್ಲಿ ಅಮೆರಿಕದ ಫಿಲಡೆಲ್ಫಿಯದ ಒಂದು ನಾಟಕಶಾಲೆಯಲ್ಲಿ, ೧೮೧೭ರಲ್ಲಿ ಲಂಡನ್ನಿನ ದೊಡ್ಡ ನಾಟಕಶಾಲೆಗಳಲ್ಲಿ ಗ್ಯಾಸಿನ ದೀಪಗಳು ಬಂದುವು. ಒಂದು ತಿರುಪನ್ನು ತಿರುಗಿಸಿದರೆ ಇಡೀ ರಂಗ ಬೆಳಗುವುದು, ತಿರುಗಿಸಿದರೆ ಮಬ್ಬಾಗುವುದು. ನಾಟಕದವರಿಗೆ ಇದು ವರವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ಆದರೆ ರಂಗದ ಅಂಚಿನಲ್ಲಿಯೂ ಪಕ್ಕಗಳಲ್ಲಿಯೂ ಸಾಲು ಸಾಲಾಗಿ ಬೆಂಕಿಯ ನಾಲಗೆಗಳು; ಅವುಗಳ ನಡುವೆ ತೆಳುವಾದ ಮಸ್ಲಿನ್ ಲಂಗ ತೊಟ್ಟು ಕುಣಿಯುವ ಹುಡುಗಿಯರು. ೧೮೪೪ರ ಡಿಸೆಂಬರಿನಲ್ಲಿ ಲಂಡನ್ನಿನ ಡ್ರೂರಿ ಲೇನ್ ನಾಟಕಶಾಲೆಯಲ್ಲಿ, ಪ್ರೇಕ್ಷಕರ ಕಣ್ಣೆದುರಿಗೇ, ಕ್ಲಾರಾ ವೆಬ್‌ಸ್ಟರ್ ಎಂಬ ನರ್ತಕಿಯ ಲಂಗಕ್ಕೆ ರಂಗದೀಪದ ಉರಿ ತಗುಲಿತು. ಮೂರು ದಿನಗಳಲ್ಲಿ ಆಕೆ ಅಸು ನೀಗಿದಳು.

ಇದಕ್ಕಿಂತ ಹೆಚ್ಚು ಮನಸ್ಸನ್ನು ಕಲಕುವುದು ಪ್ಯಾರಿಸಿನ ಎಮ್ಮಾ ಲಿವ್ರಿಯ ಕತೆ. ಬಟ್ಟೆಯನ್ನು ಲವಣದ ದ್ರಾವಣದಲ್ಲಿ ಅದ್ದಿ ಒಣಗಿಸಿದರೆ ಅದಕ್ಕೆ ಬೆಂಕಿ ಬೇಗ ಹತ್ತದೆಂಬುದು ಆಗಲೇ ತಿಳಿದಿತ್ತು. ಹಾಗೆ ಸಂಸ್ಕರಿಸಿದ ಉಡುಪನ್ನೇ ತೊಡಬೇಕೆಂದು ೧೮೫೯ರಲ್ಲಿಯೇ ಫ್ರಾನ್ಸಿನಲ್ಲಿ ಆಜ್ಞೆಯೂ ಹೊರಟಿತ್ತು. ಆದರೆ ಆ ಬಟ್ಟೆ ಬಿರುಸು, ಬಣ್ಣ ಮಾಸಲು. ತಾನು ಎಂದಿನ ಮಸ್ಲಿನ್ನನ್ನೇ ತೊಟ್ಟು ಕುಣಿಯುವೆನೆಂದು ಆ ಹುಡುಗಿ ಹಟ ಹಿಡಿದಳು. ೧೮೬೨ರ ನವೆಂಬರ್ ೧೫ರಂದು ತಾಲೀಮಿನ ಹೊತ್ತಿಗೆ ಅವಳ ಲಂಗ ಗ್ಯಾಸಿನ ದೀಪಕ್ಕೆ ಸೋಕಿತು. ಎಂಟು ತಿಂಗಳು ನರಳಿ ೧೮೬೩ರ ಜುಲೈ ೨೬ರಂದು ತೀರಿಕೊಂಡಾಗ ಅವಳಿಗೆ ಇನ್ನೂ ೨೦ ವರ್ಷ. ಸುಟ್ಟುಳಿದ ಅವಳ ಉಡುಪಿನ ಚೂರುಗಳನ್ನು ಪ್ಯಾರಿಸಿನ ಆಪೆರಾದ ವಸ್ತುಸಂಗ್ರಹಾಲಯದಲ್ಲಿ ಕಾದಿರಿಸಿದ್ದಾರೆ. ಅವಳನ್ನು ಮೂರ್ಖಳೆಂದು ಬೈಯಲು ನನಗೆ ಮನಸ್ಸು ಬಾರದು. ‘ಕೈಗವಸು ಹಾಕಿದರೆ ಬೆರಳಿಗೆ ಹಿಡಿತ ಸಿಕ್ಕುವುದಿಲ್ಲ’ ಎಂದು ಅದನ್ನು ತೆಗೆದೊಗೆದು ಏಣಿ ಹತ್ತುವ ನಮ್ಮ ಹುಡುಗರೂ ಆಡುವುದು ಅವಳ ಮಾತನ್ನೇ. ಅಪಾಯ ಎಂದೋ ಒಂದು ದಿನದ್ದು, ಅನನುಕೂಲ ದಿನ ದಿನದ್ದು. ಮನುಷ್ಯ ದಿನ ದಿನದ್ದನ್ನೇ ದೊಡ್ಡದೆಂದು ಎಣಿಸುತ್ತಾನೆ.

ಆ ಕಾಲದಲ್ಲಿಯೇ ಇನ್ನೊಂದು ದೀಪವೂ ಇತ್ತು. ಸುಣ್ಣದ ಗಟ್ಟಿಯ ಮೇಲೆ ಆಮ್ಲಜನಕ ಜಲಜನಕಗಳ ಉರಿಯನ್ನು ಊದಿದರೆ ಅದು ೨೦೦೦ ಡಿಗ್ರಿಗೂ ಮೇಲೆ ಕಾದು, ಕಣ್ಣು ಕುಕ್ಕುವ ಬಿಳಿಯ ಬೆಳಕನ್ನು ಕೊಡುತ್ತದೆ. ೧೮೩೭ರಲ್ಲಿ ಲಂಡನ್ನಿನ ಕವೆಂಟ್ ಗಾರ್ಡನ್ ನಾಟಕಶಾಲೆ ಇದನ್ನು ರಂಗಕ್ಕೆ ತಂದಿತು. ಪ್ರಸಿದ್ಧಿಯಲ್ಲಿರುವವರನ್ನು ‘ಲೈಮ್‌ಲೈಟಿನಲ್ಲಿದ್ದಾರೆ’ ಎನ್ನುತ್ತೇವಲ್ಲ, ಆ ಮಾತು ಬಂದುದು ಈ ಸುಣ್ಣದ ದೀಪದಿಂದ. ಬೆಳಕು ಬಿದ್ದವನಿಗೆ ಕೀರ್ತಿ. ಬೆಳಕು ಬೀರುವವನಿಗೆ ಬೆವರು. ಉರಿ ತಗುಲಿದ ಕಡೆ ಸುಣ್ಣ ಸವೆದು ಗುಳಿ ಬೀಳುತ್ತದೆಯಾದ್ದರಿಂದ ಪ್ರತಿಯೊಂದು ದೀಪದ ಪಕ್ಕದಲ್ಲಿಯೂ ಒಬ್ಬ ನಿಂತು, ಆ ಗಟ್ಟಿಯನ್ನು ಆಗಾಗ ತಿರುಗಿಸುತ್ತ, ಉರಿಯನ್ನು ಹದಗೊಳಿಸುತ್ತ ಇರಬೇಕಾಗಿತ್ತು. ದೀಪವನ್ನು ‘ನಡೆಸುವ’ ಕಸುಬು ಗಟ್ಟಿಯಾಗಿ ಬೇರೂರಿದ್ದು ಇವನಿಂದಲೇ ಎನ್ನಬಹುದು.

೧೮೮೧ರ ಡಿಸೆಂಬರ್ ತಿಂಗಳನ್ನು ರಂಗದೀಪದ ಚರಿತ್ರೆ ಮರೆಯುವಂತಿಲ್ಲ. ಆ ತಿಂಗಳ ೮ರಂದು ವಿಯೆನ್ನಾದ ರಿಂಗ್ ನಾಟಕಶಾಲೆಯಲ್ಲಿ ರಂಗದ ಗ್ಯಾಸು ಹೊತ್ತಿಸುವಾಗ ಬೆಂಕಿ ಪರದೆಗೆ ಹಾರಿತು. ಗ್ಯಾಸನ್ನು ನಿಲ್ಲಿಸಿದರು, ಒಡನೆ ಸಭಾಂಗಣವೆಲ್ಲ ಕತ್ತಲಾಗಿ, ಬಾಗಿಲು ಕಾಣದೆ ೩೮೦ಕ್ಕಿಂತ ಹೆಚ್ಚು ಜನ ಸತ್ತರು. ಸರಿಯಾಗಿ ೨೦ ದಿನಗಳ ಮೇಲೆ, ೨೮ರಂದು, ಲಂಡನ್ನಿನ ಸವಾಯ್ ನಾಟಕಶಾಲೆಯ ಯಜಮಾನ ಡಾಯ್ಲಿ ಕಾರ್ಟ್ ರಂಗದ ಮೇಲೆ ಬಂದು ನಿಂತ. ಅವನ ಶಾಲೆಯಲ್ಲಿ ಸುಮಾರು ೧೨೦೦ ವಿದ್ಯುದ್ದೀಪಗಳನ್ನು ಹೊಸದಾಗಿ ಹಾಕಿಸಿದ್ದ. ಉರಿಯುತ್ತಿದ್ದ ಒಂದು ಬುರುಡೆಗೆ ಮಸ್ಲಿನ್ ಬಟ್ಟೆ ಸುತ್ತಿ, ಸುತ್ತಿಗೆಯಿಂದ ಒಡೆದ. ದೀಪ ಆರಿತು. ಬಟ್ಟೆಯನ್ನು ಎತ್ತಿ ತೋರಿಸಿದ: ಎಲ್ಲಿಯೂ ಸುಟ್ಟಿರಲಿಲ್ಲ. ಸಭೆ ಚಪ್ಪಾಳೆ ತಟ್ಟಿತು. ವಿಯೆನ್ನಾದ ಸುದ್ದಿ ಓದಿ ನಡುಗಿದ್ದ ಜನಕ್ಕೆ ಇದು ಎಷ್ಟು ಸಮಾಧಾನ ತಂದಿರಬೇಕು, ಯೋಚಿಸಿ.

ಡಾಯ್ಲಿ ಕಾರ್ಟ್ ತೋರಿಸಿದ್ದು ಸುಳ್ಳಲ್ಲ. ಆ ಬುರುಡೆ ಚಿಕ್ಕದು, ಅದರ ಬೆಳಕೂ ಮಂದ. ಗಾಜು ಒಡೆದ ಕೂಡಲೆ ಒಳಗಿನ ತಂತು ಗಾಳಿ ತಗುಲಿ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಆದರೆ ಜನ ಕಲಿತ ಪಾಠ ಬೇರೆ. ವಿದ್ಯುದ್ದೀಪ ಸುಡುವುದಿಲ್ಲ ಎಂಬ ನಂಬಿಕೆ, ಆಮೇಲೆ ಬಂದ ಬಹು ಪಾಲು ಉಗ್ರವಾದ ದೀಪಗಳಿಗೂ ಅಂಟಿಕೊಂಡಿತು. ಇಂಗಾಲದ ಎರಡು ಕಡ್ಡಿಗಳ ನಡುವೆ ವಿದ್ಯುತ್ತು ಹಾರುವ ಆರ್ಕ್ ದೀಪದಲ್ಲಿ, ಕಡ್ಡಿಯ ತುದಿ ೩೦೦೦ ಡಿಗ್ರಿಗೂ ಮೇಲೆ ಕಾಯುತ್ತದೆ. ೧೯೦೩ರ ಡಿಸೆಂಬರ್ ೩೦ರ ಮಧ್ಯಾಹ್ನ ಶಿಕಾಗೋದ ಇರೊಕ್ವಾ ನಾಟಕಶಾಲೆಯಲ್ಲಿ ಅಂಥದೊಂದು ದೀಪದ ಕಿಡಿ ಪಕ್ಕದ ಪರದೆಗೆ ತಗುಲಿತು. ಪರದೆ ಮಸ್ಲಿನ್ನಿನದು. ದೀಪದವನು ಬರಿಗೈಯಿಂದ ಬಡಿದು ಆರಿಸಲು ನೋಡಿದ. ಉರಿ ಅವನ ಕೈಗೆ ನಿಲುಕದಷ್ಟು ಮೇಲಕ್ಕೆ ಏರಿತು. ಬೆಂಕಿ ತಡೆಯಲೆಂದೇ ಇದ್ದ ಪರದೆ ಅರ್ಧಕ್ಕೆ ಸಿಕ್ಕಿಕೊಂಡಿತು. ರಜೆಯ ದಿನಗಳಾದ್ದರಿಂದ ಹೆಂಗಸರೂ ಮಕ್ಕಳೂ ತುಂಬಿದ್ದರು. ಸತ್ತವರು ೬೦೦ಕ್ಕೂ ಹೆಚ್ಚು. ಬೆಂಕಿಯೇ ತಾಗದ ಕಟ್ಟಡವೆಂದು ಪ್ರಚಾರವಾಗಿದ್ದ ಆ ನಾಟಕಶಾಲೆ ತೆರೆದು ಆರು ವಾರವೂ ಕಳೆದಿರಲಿಲ್ಲ. ಲಂಡನ್ನಿನಲ್ಲಿ ಸುಡದ ಮಸ್ಲಿನ್ ೨೨ ವರ್ಷಗಳ ಮೇಲೆ ಶಿಕಾಗೋದಲ್ಲಿ ಸುಟ್ಟಿತು.

ನಮ್ಮ ನಾಡಿಗೆ ವಿದ್ಯುತ್ತು ಬಂದದ್ದು ತಡವಾಗಿಯೇನಲ್ಲ. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. ಆದರೆ ತಂತಿ ಎಳೆಯದ ಊರುಗಳಲ್ಲಿ ಆಟಗಳನ್ನು ಬಹುಕಾಲ ಬೆಳಗಿದ್ದು ಪೆಟ್ರೋಮ್ಯಾಕ್ಸ್. ಜನರ ಬಾಯಲ್ಲಿ ‘ಗ್ಯಾಸ್‌ಲೈಟು’. ಸೀಮೆಎಣ್ಣೆಯನ್ನು ಪಂಪು ಹೊಡೆದು ಆವಿ ಮಾಡಿ ಮ್ಯಾಂಟಲ್ಲಿನಲ್ಲಿ ಉರಿಸುವ ಈ ದೀಪ ‘ಸುಂಯ್’ ಎಂದು ಸದ್ದು ಮಾಡುತ್ತ, ತಾನು ಕಾದಿದ್ದೇನೆಂದು ಕಿವಿಗಾದರೂ ಹೇಳುತ್ತಿತ್ತು. ಮೇಲಿನ ಟೋಪಿಯನ್ನು ಮುಟ್ಟದೆ ಕೆಳಗಿನ ಟ್ಯಾಂಕಿನ ಬದಿಯಿಂದ ಪಂಪು ಹೊಡೆಯುವುದನ್ನು ಹಳ್ಳಿಯ ಹುಡುಗರೆಲ್ಲ ನೋಡಿಯೇ ಕಲಿಯುತ್ತಿದ್ದರು.

ಪೇಟೆಯ ಹವ್ಯಾಸಿ ತಂಡಗಳಲ್ಲಿ ಹಣ ಕಡಿಮೆ, ಉತ್ಸಾಹ ಹೆಚ್ಚು. ಎಣ್ಣೆಯ ಡಬ್ಬ ಕತ್ತರಿಸಿ ಒಳಗೆ ಬುರುಡೆ ಕೂರಿಸಿದರೆ ದೀಪವಾಯಿತು. ಅಂಗಡಿಯ ಬಣ್ಣದ ಹಾಳೆಯನ್ನು ಬಾಯಿಗೆ ಕಟ್ಟಿದರೆ ಬೆಳದಿಂಗಳೂ ಆಯಿತು. ಇದನ್ನು ಗೇಲಿ ಮಾಡಲಾರೆ. ಅಂಥ ಡಬ್ಬಗಳ ಬೆಳಕಿನಲ್ಲಿ ಒಳ್ಳೊಳ್ಳೆಯ ನಾಟಕಗಳನ್ನು ನೋಡಿದ್ದೇನೆ. ಆದರೆ ಕಾರ್ಖಾನೆಯ ದೀಪಕ್ಕೂ ಡಬ್ಬದ ದೀಪಕ್ಕೂ ಎರಡು ಮುಖ್ಯ ವ್ಯತ್ಯಾಸಗಳಿವೆ. ಕಾರ್ಖಾನೆಯದಕ್ಕೆ ಕೆಳಗೂ ಮೇಲೂ ಗಾಳಿಯ ಕಂಡಿಗಳಿರುತ್ತವೆ. ಬಿಸಿ ಮೇಲಕ್ಕೆ ಹೊರಟುಹೋಗುತ್ತದೆ. ಹಿಡಿಯುವುದಕ್ಕೆ ಬಿಸಿ ಏರದ ಹಿಡಿಕೆಯಿರುತ್ತದೆ. ಡಬ್ಬಕ್ಕೆ ಎರಡೂ ಇಲ್ಲ. ಇಡೀ ಡಬ್ಬವೇ ಕಾದ ಬಾಣಲೆ.

ಒಂದು ಪ್ರಸಂಗ ನನಗೆ ಚೆನ್ನಾಗಿ ನೆನಪಿದೆ. ಒಂದು ಸಭಾಂಗಣವನ್ನು ಹತ್ತು ಗಂಟೆಯವರೆಗೆ ಬಾಡಿಗೆಗೆ ಪಡೆದಿದ್ದರು. ನಾಟಕ ಹತ್ತಕ್ಕೆ ಐದು ನಿಮಿಷವಿರುವಾಗ ಮುಗಿಯಿತು. ‘ಬೇಗ ಖಾಲಿ ಮಾಡಿ, ಇಲ್ಲದಿದ್ದರೆ ಇನ್ನೊಂದು ಗಂಟೆಯ ಬಾಡಿಗೆ ಕೊಡಿ’ ಎಂದು ಅಲ್ಲಿಯವರು ಗದರುತ್ತಿದ್ದರು. ಕಾಲೇಜಿನಲ್ಲಿ ಓದುತ್ತಿದ್ದ ಒಬ್ಬ ಹುಡುಗ, ಬಿಸಿ ತಾಗದಿರಲೆಂದು ಟವಲನ್ನು ನೀರಿನಲ್ಲಿ ಅದ್ದಿ ಹಿಂಡಿ, ಅದರಿಂದ ದೀಪವನ್ನು ಹಿಡಿದು ಇಳಿಸಲು ಹೋದ. ಒದ್ದೆಯ ಬಟ್ಟೆ ಒಣ ಬಟ್ಟೆಗಿಂತ ಬಹಳ ಬೇಗ ಬಿಸಿಯನ್ನು ದಾಟಿಸುತ್ತದೆ. ಕಾದ ತಗಡಿಗೆ ತಗುಲಿ ಉಗಿಯೂ ಏಳುತ್ತದೆ. ಅಂಗೈ ಪೂರ್ತಿ ಬೆಂದಿತು. ಸಾಲದ್ದಕ್ಕೆ ಹಿರಿಯರೊಬ್ಬರು ಶಾಯಿ ಸುರಿದರು, ಇನ್ನೊಬ್ಬರು ಟೂತ್‌ಪೇಸ್ಟ್ ಬಳಿದರು. ವೈದ್ಯರು ಅದನ್ನೆಲ್ಲ ತೊಳೆದು ತೆಗೆಯುವಾಗ ಹುಡುಗ ಪಟ್ಟ ಪಾಡು ಸುಟ್ಟುಕೊಂಡಾಗಿನ ಪಾಡಿಗಿಂತ ಹೆಚ್ಚು. ಆ ವರ್ಷ ಪರೀಕ್ಷೆಯಲ್ಲಿ ಬರೆಯಲು ಅವನಿಗೆ ಕೈ ಆಗಲಿಲ್ಲ.

ಈ ಹೊತ್ತಿಗೆ ದೀಪಗಳೂ ಮೊದಲಿನಂತಿರಲಿಲ್ಲ. ೧೯೫೯ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದ ಹ್ಯಾಲೊಜನ್ ದೀಪ ಆಮೇಲಿನ ವರ್ಷಗಳಲ್ಲಿ ರಂಗಭೂಮಿಯನ್ನು ಹೊಕ್ಕಿತು. ಅದರ ಮರ್ಮ ಸ್ವಾರಸ್ಯವಾದದ್ದು. ಮಾಮೂಲು ಬುರುಡೆಯಲ್ಲಿ ತಂತಿನಿಂದ ಆವಿಯಾದ ಟಂಗ್‌ಸ್ಟನ್ ಗಾಜಿಗೆ ಅಂಟಿ ಗಾಜು ಕಪ್ಪಾಗುತ್ತದೆ. ಇದರಲ್ಲಿ ಆ ಆವಿ ಹ್ಯಾಲೊಜನ್ ಅನಿಲದೊಡನೆ ಕೂಡಿ ತಿರುಗಿ ತಂತಿಗೇ ಬಂದು ಸೇರುತ್ತದೆ. ಆದರೆ ಈ ಚಕ್ರ ತಿರುಗಬೇಕಾದರೆ ಬುರುಡೆಯ ಗೋಡೆಯೇ ೨೫೦ ಡಿಗ್ರಿಗೆ ಕಡಿಮೆಯಿಲ್ಲದಂತೆ ಕಾದಿರಬೇಕು. ೬೦ ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಬೇಯಿಸುತ್ತದೆಂಬುದನ್ನು ನೆನೆದರೆ, ಈ ಲೆಕ್ಕದ ಅರ್ಥ ತಿಳಿದೀತು. ಬಿಸಿ ಈ ದೀಪದ ದೋಷವಾಗಿ ಉಳಿಯಲಿಲ್ಲ. ಅದು ಬದುಕುವ ಬಗೆಯೇ ಬಿಸಿ. ಅದು ಮನುಷ್ಯನ ಬೆರಳನ್ನು ತಣ್ಣಗಿರುವಾಗಲೂ ಸಹಿಸದು. ಬೆರಳಿನ ಜಿಡ್ಡೂ ಉಪ್ಪೂ ಅಂಟಿದ ಕಡೆ ಆಮೇಲೆ ಕಾದಾಗ ಗಾಜು ಬೆಳ್ಳಗಾಗಿ, ಬಲ ಕುಂದಿ, ಒಮ್ಮೊಮ್ಮೆ ಸಿಡಿಯುವುದೂ ಉಂಟು. ಆದ್ದರಿಂದಲೇ ಹೊಸ ಬುರುಡೆಯನ್ನು ಶುಭ್ರವಾದ ಒಣ ಬಟ್ಟೆಯಿಂದ ಹಿಡಿದು ಹಾಕುವ ಪದ್ಧತಿ.

ಇಷ್ಟು ಹೇಳಿದ ಮೇಲೆ ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ. ಆರಿದ ದೀಪವನ್ನು ಕಾದ ದೀಪವೆಂದೇ ಎಣಿಸು. ಕಾಲು ಗಂಟೆಗೆ ಕಡಿಮೆಯಿಲ್ಲದೆ ಬಿಟ್ಟು ಆಮೇಲೆ ಮುಟ್ಟು. ಮುಟ್ಟುವ ಮೊದಲು ಅಂಗೈಯ ಹಿಂಬದಿಯನ್ನು ಹತ್ತಿರ ಒಯ್ದು ಬಿಸಿಯನ್ನು ಅಳೆ. ಚರ್ಮದ ಕೈಗವಸು ಹಾಕಿಕೊ. ನೈಲಾನಿನದು ಕರಗಿ ಕೈಗೇ ಅಂಟುತ್ತದೆ. ತೋಳು ಮುಚ್ಚುವ ಹತ್ತಿಯ ಅಂಗಿ ತೊಡು. ದೀಪವನ್ನು ತಿರುಗಿಸುವಾಗ ಹಿಡಿಕೆಯನ್ನೋ ನೊಗದಂತಿರುವ ಕಬ್ಬಿಣದ ಪಟ್ಟಿಯನ್ನೋ ಹಿಡಿ, ಮೈಯನ್ನು ಹಿಡಿಯಬೇಡ. ದಿಕ್ಕು ಕೂರಿಸುವ ಕೆಲಸವನ್ನು ಆದಷ್ಟೂ ದೀಪ ಕಾಯುವ ಮೊದಲೇ ಮುಗಿಸು. ಬಟ್ಟೆಯೂ ಪರದೆಯೂ ದೂರವಿರಲಿ. ಎಷ್ಟು ದೂರವೆಂದು ಒಳ್ಳೆಯ ದೀಪಗಳ ಮೇಲೆಯೇ ಬರೆದಿರುತ್ತದೆ. ಬುರುಡೆ ಬದಲಿಸುವಾಗ ವಿದ್ಯುತ್ತನ್ನು ಪೂರ್ತಿ ತಪ್ಪಿಸು.

ಏಣಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ನೆಲದ ಮೇಲೆ ಬಿಸಿ ತಾಗಿದರೆ ಬೆರಳಿನಲ್ಲಿ ಬೊಬ್ಬೆ. ಹದಿನೈದು ಅಡಿ ಎತ್ತರದಲ್ಲಿ ತಾಗಿದರೆ ಕೈ ತಾನಾಗಿ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಅದರ ಹಿಂದೆಯೇ ಮೈ. ಬೆರಳಿನ ಬೊಬ್ಬೆ ವಾರದಲ್ಲಿ ಮಾಯುವುದು. ಬಿದ್ದ ಬೆನ್ನೆಲುಬು ಮಾಯುವುದೇ? ದೀಪಕ್ಕೆ ಸರಪಳಿ ಕಟ್ಟುವುದೂ ಇದಕ್ಕಾಗಿಯೇ: ಮೇಲಿನವನು ಕೈಬಿಟ್ಟರೆ ಅದು ಕೆಳಗಿನವನ ತಲೆಯ ಮೇಲೆ ಬೀಳಬಾರದು.

ಇಷ್ಟಾಗಿಯೂ ಸುಟ್ಟರೆ ಔಷಧ ಒಂದೇ: ನಲ್ಲಿಯ ತಣ್ಣೀರು. ಉಂಗುರ, ಗಡಿಯಾರಗಳನ್ನು ಕೂಡಲೇ ಕಳಚಿ, ಹರಿಯುವ ನೀರಿನ ಕೆಳಗೆ ೨೦ ನಿಮಿಷ ಹಿಡಿಯಬೇಕು. ಮಂಜುಗಡ್ಡೆ ಬೇಡ, ತುಪ್ಪ ಬೇಡ, ಶಾಯಿಯಂತೂ ಬೇಡವೇ ಬೇಡ. ಬೊಬ್ಬೆಯನ್ನು ಒಡೆಯದೆ ಶುಭ್ರವಾದ ಬಟ್ಟೆ ಸಡಿಲವಾಗಿ ಮುಚ್ಚಿ, ಗಾಯ ದೊಡ್ಡದಿದ್ದರೆ ವೈದ್ಯರ ಬಳಿಗೆ ನಡೆಯಬೇಕು.

ಈಗ ಎಲ್‌ಇಡಿ ದೀಪಗಳ ಕಾಲ. ಅವುಗಳ ಬೆಳಕಿನಲ್ಲಿ ಮೊದಲಿನ ಝಳವಿಲ್ಲ; ನಟರ ಬಣ್ಣ ಬೆವರಿಗೆ ಇಳಿಯುವುದಿಲ್ಲ. ಇದು ಸಂತೋಷದ ಸಂಗತಿಯೇ. ಆದರೆ ಬಿಸಿ ಪೂರ್ತಿ ಹೋಗಿಲ್ಲ, ದೀಪದ ಬೆನ್ನಿಗೆ ಸರಿದಿದೆ. ಹಿಂದಿರುವ ಲೋಹದ ರೆಕ್ಕೆಗಳನ್ನು ಮುಟ್ಟಿ ನೋಡಿದವರಿಗೆ ಗೊತ್ತು. ಜೊತೆಗೆ ಎಷ್ಟೋ ಸಭಾಂಗಣಗಳಲ್ಲಿ ಹೊಸ ದೀಪದ ಪಕ್ಕದಲ್ಲಿಯೇ ಹಳೆಯ ಸಾವಿರ ವ್ಯಾಟಿನ ಹ್ಯಾಲೊಜನ್ನೂ ತೂಗುತ್ತಿರುತ್ತದೆ. ತಣ್ಣನೆಯ ದೀಪದೊಡನೆ ಪಳಗಿದ ಹುಡುಗ ಅದೇ ಸಲಿಗೆಯಿಂದ ಇದಕ್ಕೂ ಕೈ ಚಾಚುತ್ತಾನೆ. ಡಾಯ್ಲಿ ಕಾರ್ಟನ ಸಭೆ ಕಲಿತ ತಪ್ಪು ಪಾಠವನ್ನು ನಾವು ಮತ್ತೊಮ್ಮೆ ಕಲಿಯಬಾರದಲ್ಲವೆ?

ನಾಟಕ ಮುಗಿದ ಮೇಲೆ ಮಿತ್ರರನ್ನು ಮಾತನಾಡಿಸಲು ಓದುಗರು ಎಂದಾದರೂ ರಂಗದ ಹಿಂದೆ ಹೋದಾರು. ಎಲ್ಲರೂ ಗಡಿಬಿಡಿಯಿಂದ ಗಂಟು ಕಟ್ಟುತ್ತಿರುವಾಗ ಒಬ್ಬ ಮಾತ್ರ ಆರಿದ ದೀಪಗಳ ಕೆಳಗೆ ಕೈಕಟ್ಟಿ ಕುಳಿತಿರುವುದು ಕಾಣಬಹುದು. ಅವನನ್ನು ಸೋಮಾರಿಯೆಂದು ತಿಳಿಯಬೇಡಿ, ಅವಸರಪಡಿಸಲೂ ಬೇಡಿ. ಸಭಾಂಗಣದವರು ಗದರಿದರೆ ಅವನ ಪರವಾಗಿ ಒಂದು ಮಾತು ಆಡಿ. ಕಾಲು ಗಂಟೆಯ ಬಾಡಿಗೆ ಒಂದು ಅಂಗೈಗಿಂತ ಅಗ್ಗ.